ನಮ್ಮ ಪ್ರಾಂತದ್ದಲ್ಲದ ಡಿಸ್ಕು

ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತ ವಿಮಲಾಬಾಯಿಯ ಕೈಚೀಲದಲ್ಲಿ ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕ, ಖಾಲಿಯಾದ ಬುತ್ತಿಡಬ್ಬಿ, ಮತ್ತು ಅವಳದೇ ಮುಖವಿದ್ದ ಒಂದು ಸಿನಿಮಾ ಡಿಸ್ಕು ಇದ್ದವು. ಡಿಸ್ಕನ್ನು ಅವಳು ಬುಧವಾರದಿಂದ ಹೀಗೆ ಶಾಲೆಗೂ ಮನೆಗೂ ಹೊತ್ತು ತಿರುಗುತ್ತಿದ್ದಳು. ಮನೆಯಲ್ಲಿ ಬಿಟ್ಟುಬರಲು ಮನಸ್ಸಿಲ್ಲ, ಯಾಕೆ ಮನಸ್ಸಿಲ್ಲ ಎಂದು ತನ್ನನ್ನು ತಾನೇ ಕೇಳಿಕೊಳ್ಳಲು ಧೈರ್ಯವಿಲ್ಲ. ಡಬ್ಬದ ಮೇಲೆ ಕಮಲಾಪುರದ ಕೆಂಪು ಬಾಳೆಯ ತೋಟ, ಗೊನೆ ಹೊತ್ತ ಹೆಂಗಸರು, ಮೂಲೆಯಲ್ಲಿ ಪಂಪಿನ ಕೋಣೆಯ ಮೆಟ್ಟಿಲ ಮೇಲೆ ಕುಳಿತ ಅವಳು. ತಲೆಯ ಮೇಲಿನ ಸೆರಗು ಜಾರಿದೆ. ಐವತ್ತು ದಾಟಿದ ಹೈಸ್ಕೂಲು ಟೀಚರು ಅಷ್ಟು ಬಾಯಿತುಂಬ ಮಾತಾಡುತ್ತಿರುವುದನ್ನು ಅವಳೇ ಹಿಂದೆ ಕಂಡಿರಲಿಲ್ಲ. ಡಬ್ಬದ ಹಿಂಬದಿಗೆ ಸಣ್ಣದೊಂದು ಭೂಗೋಳದ ಚಿತ್ರ, ಅದರ ಹೊಟ್ಟೆಯ ಮೇಲೆ ಎರಡು ಎಂಬ ಅಂಕಿ. ಕಂಪನಿಯವರ ಏನೋ ಗುರುತಿರಬೇಕೆಂದು ಅವಳು ಅದರ ಕಡೆ ಲಕ್ಷ್ಯವನ್ನೇ ಕೊಟ್ಟಿರಲಿಲ್ಲ. ಆ ಅಂಕಿಯೇ ಬಾಗಿಲಲ್ಲಿ ಅಡ್ಡ ನಿಲ್ಲುತ್ತದೆಂದು ಯಾರು ತಿಳಿದಿದ್ದರು.

ಬುಧವಾರ ಸಂಜೆ ಗಂಡ ಹಣಮಂತರಾಯ ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ತೆಗೆದು, ಮಡಚಿ ಇಟ್ಟು, ಡಿಸ್ಕು ಹಾಕಿದ್ದ. ನೀರಾವರಿ ಇಲಾಖೆಯಿಂದ ನಿವೃತ್ತನಾದ ಮೇಲೆ ಅವನು ತಾನಾಗಿ ಕಲಿತ ಒಂದೇ ವಿದ್ಯೆ ಅದು. ಬಟನ್ನು ಒತ್ತುವಾಗ ನಾಲಿಗೆಯ ತುದಿ ತುಟಿಗೆ ಬರುತ್ತಿತ್ತು. ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, ಆಮೇಲೆ ಬೂದುಬಣ್ಣದ ಚೌಕಟ್ಟಿನಲ್ಲಿ ಇಂಗ್ಲಿಷಿನಲ್ಲಿ ಹೇಳಿತು: ಈ ಡಿಸ್ಕು ನಿಮ್ಮ ಪ್ರಾಂತಕ್ಕೆ ಸೇರಿದ್ದಲ್ಲ. ಪ್ರಾಂತ ಬದಲಿಸಬೇಕಾದರೆ ಇನ್ನೊಂದು ಸಲ ಮಾತ್ರ ಬದಲಿಸಬಹುದು, ಆಮೇಲೆ ಅದೇ ಕಾಯಂ. ಅವಳು ಎರಡು ಸಲ ಓದಿದಳು. “ನಮ್ಮ ಕಡೆದ್ದಲ್ಲಂತ ಬಿಡು. ಮಶೀನೇ ಒಲ್ಲೆ ಅಂತಂದ್ರ ನಾವೇನ್ ಮಾಡ್ಲಿಕ್ ಬರ್ತದ,” ಎಂದ ಹಣಮಂತರಾಯ. ದನಿಯಲ್ಲಿ ಬೇಸರವಿತ್ತು, ಆದರೆ ಹೆಗಲು ಇಳಿದದ್ದನ್ನು ಅವಳು ನೋಡಿದಳು. ಅವನಿಗೆ ಹಗುರವಾಗಿತ್ತು. ತನ್ನ ಹೆಂಡತಿ ಪರದೇಶದ ಹೆಂಗಸಿನ ಕ್ಯಾಮೆರಾದ ಮುಂದೆ ಏನು ಮಾತಾಡಿದ್ದಾಳೋ, ನೆರೆಹೊರೆಯವರು ನೋಡಿ ಏನಂದಾರೋ ಎಂಬ ಕಳವಳದಿಂದ ಯಂತ್ರ ಅವನನ್ನು ಪಾರುಮಾಡಿತ್ತು. ಇದಿಷ್ಟೇ ಆಗಿದ್ದರೆ ಅವನ ಮೇಲೆ ಸಿಟ್ಟು ಮಾಡಿಕೊಂಡು ಅಡಿಗೆಮನೆಗೆ ಹೋಗಿ ಪಾತ್ರೆ ಕುಕ್ಕಿ ಮುಗಿಸಬಹುದಿತ್ತು. ಆದರೆ ಆ ಗಳಿಗೆಯಲ್ಲಿ ಅವಳ ಎದೆಯೂ ಹಗುರವಾಗಿತ್ತು. ಸದ್ಯ, ಯಾರೂ ನೋಡುವಂತಿಲ್ಲ ಎಂದು ಅವಳೊಳಗಿನ ಯಾರೋ ಉಸಿರು ಬಿಟ್ಟಿದ್ದರು. ಮೂರು ದಿನದಿಂದ ಅವಳನ್ನು ಕಾಡುತ್ತಿದ್ದುದು ಗಂಡನ ಹೆಗಲಲ್ಲ, ತಾನು ಬಿಟ್ಟ ಆ ಉಸಿರು.

ಬದಲಿಸುವ ಒಟ್ಟು ಐದು ಅವಕಾಶಗಳಲ್ಲಿ ನಾಲ್ಕು ಹೇಗೆ ಹೋದವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಪ್ರತಿ ಸಲವೂ ಚಹಾದ ತಾಟು ಹಿಡಿದು ಕುರ್ಚಿಗಳ ಹಿಂದೆ ನಿಂತವಳು ಅವಳೇ ತಾನೇ. ಮೊದಲು ಹಣಮಂತರಾಯನ ಹಳೆಯ ಸಾಹೇಬರು ದೌಲಪ್ಪ ಬಂದರು, ಯಾರೋ ಅಮೆರಿಕದಿಂದ ತಂದುಕೊಟ್ಟ ಯುದ್ಧದ ಸಿನಿಮಾ ಹಿಡಿದುಕೊಂಡು. ಆಗಲೂ ಯಂತ್ರ ಕೇಳಿತ್ತು, ಬದಲಿಸಲೇ, ಇಷ್ಟೇ ಸಲ ಉಳಿದಿದೆ, ಖಂಡಿತವೇ. ಹಣಮಂತರಾಯನಿಗೆ ಅದು ಉಪಚಾರದ ಮಾತಿನಂತೆ ಕೇಳಿಸಿತು. ಈ ಕಡೆಯವರು ಊಟಕ್ಕೆ ಏಳಿ ಎಂದರೆ ಎರಡು ಸಲ ಒಲ್ಲೆ ಅನ್ನುತ್ತಾರೆ, ಈಗ ಆಗ್ಯಾದರೀ ಅನ್ನುತ್ತಾರೆ, ಮೂರನೆಯ ಸಲಕ್ಕೆ ಕೈತೊಳೆಯಲು ಏಳುತ್ತಾರೆ. ಯಂತ್ರದ ಎಚ್ಚರಿಕೆಯೂ ಅಂಥದ್ದೇ ಒಂದು ಸಂಕೋಚವೆಂದು ತಿಳಿದು ಅವನು “ಇರ್ಲಿ, ಇರ್ಲಿ” ಎಂದು ಅದಕ್ಕೆ ಸಮಾಧಾನ ಹೇಳುತ್ತ ಒತ್ತಿದ. ಮರುದಿನ ತನ್ನ ಗಾಜಿನ ಕಪಾಟಿನ ಡಿಸ್ಕು ಹಾಕಲು ಮತ್ತೆ ನಮ್ಮ ಪ್ರಾಂತದ ಅಂಕಿಯಾದ ಐದಕ್ಕೆ ತಂದ. ಆಮೇಲೆ ಇಲಾಖೆಯ ಹಳೆಯ ಡ್ರೈವರ್ ನಬಿಸಾಬ್ ಜೆಡ್ಡಾದಿಂದ ಬಂದ ಹಜ್ ಯಾತ್ರೆಯ ಡಿಸ್ಕು ತಂದ. ಮನೆಗೆ ಬಂದವನಿಗೆ ಆಗುವುದಿಲ್ಲ ಅನ್ನುವುದು ಹೇಗೆ. ಅದಕ್ಕೊಂದು ಹೋಯಿತು, ಹಿಂದಕ್ಕೆ ತರಲು ಇನ್ನೊಂದು ಹೋಯಿತು. ಆ ದಿನ ಬಿಳಿಬಟ್ಟೆಯ ಜನಸಾಗರ ನೋಡುತ್ತ ನಬಿಸಾಬ್ ಕಣ್ಣೊರೆಸಿಕೊಂಡದ್ದು, ತಾನೂ ಬಾಗಿಲ ಚೌಕಟ್ಟಿಗೆ ಒರಗಿ ನೋಡಿದ್ದು ನೆನಪಿದೆ, ಅದಕ್ಕೆ ಅವಳ ತಕರಾರಿಲ್ಲ. ಬುಧವಾರ ಮಾತ್ರ, ಕೊನೆಯದೊಂದು ಉಳಿದಿರುವಾಗ, ಹಣಮಂತರಾಯನಿಗೆ ಯಂತ್ರ ಹೇಳಿದ್ದು ನಿಜವಾಗಿಯೂ ಕೇಳಿಸಿತು.

ಬಸ್ಸು ಬಂತು, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ತೊಗರಿ ಹೊಲಗಳು ಹಿಂದಕ್ಕೆ ಸರಿಯತೊಡಗಿದವು. ಇದೇ ಹೊಲಗಳ ಬದುವಿನಲ್ಲಿ ಹೋದ ವರ್ಷ ಅವಳು ಮಾರ್ಥಾಳ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದಳು. ಬಾಳೆತೋಟದ ಹೆಂಗಸರ ಬಗ್ಗೆ ಸಿನಿಮಾ ಮಾಡಲು ಜರ್ಮನಿಯಿಂದ ಬಂದವಳಿಗೆ ದುಭಾಷಿ ಬೇಕಾಗಿತ್ತು, ಹೆಡ್‌ಮಾಸ್ತರರು ಇವಳನ್ನು ತೋರಿಸಿದರು. ಮರೆಮ್ಮ ಏನಂದಳು, ಬಂಡಮ್ಮ ಯಾಕೆ ನಕ್ಕಳು ಎಂದು ದಿನವೆಲ್ಲ ಬೇರೆಯವರ ಮಾತನ್ನು ಬಾಯಲ್ಲಿ ಹೊತ್ತು ಹೊತ್ತು ಇವಳ ದವಡೆ ನೋಯುತ್ತಿತ್ತು. ಕೊನೆಯ ದಿನ ಸಾಮಾನು ಕಟ್ಟುವ ಮೊದಲು ಮಾರ್ಥಾ, ನೀನು ಎಲ್ಲರ ಮಾತು ಹೇಳಿದೆ, ನಿನ್ನದೇನಾದರೂ ಇದ್ದರೆ ಹೇಳು, ನಿನ್ನ ಭಾಷೆಯಲ್ಲೇ ಹೇಳು, ನನಗಂತೂ ತಿಳಿಯುವುದಿಲ್ಲ, ಎಂದಳು. ತಿಳಿಯುವುದಿಲ್ಲ ಎಂದದ್ದಕ್ಕೇ ಇವಳು ಕುಳಿತಳು. ಎದುರಿಗೆ ಕನ್ನಡ ಬಾರದ ಒಂದು ಬಿಳಿ ಮುಖ, ಹಿಂದೆ ಬಾಳೆಯ ಗಿಡಗಳು. ಗಂಡನಿಗೆ, ಮಗಳಿಗೆ, ಒಡಹುಟ್ಟಿದ ತಮ್ಮನಿಗೂ ಹೇಳದ್ದನ್ನು ಅವಳು ಗೋಡೆಗೆ ಹೇಳಿದಂತೆ ಹೇಳಿ ಮುಗಿಸಿ, ಸೆರಗು ಎಳೆದುಕೊಂಡು ಎದ್ದಳು. ಆಮೇಲೆ ಯಾರಿಂದಲಾದರೂ ಅರ್ಥ ಕೇಳಿಕೊಳ್ಳುತ್ತೇನೆ ಎಂದು ಮಾರ್ಥಾ ನಕ್ಕಾಗ ಇವಳೂ ನಕ್ಕಿದ್ದಳು. ಮತ್ತೆ ಬರ್ರಿ ಅಂದರೆ ಬರ್ತೇವಿ ಅನ್ನುತ್ತೇವಲ್ಲ, ಅಂಥದ್ದೊಂದು ಮಾತೆಂದು ತಿಳಿದಿದ್ದಳು. ಆದರೆ ಆ ಹೆಂಗಸು ಆಡಿದ್ದನ್ನು ಮಾಡುವ ಪೈಕಿ. ಹೋದ ತಿಂಗಳು ಹೆಡ್‌ಮಾಸ್ತರರ ಕೋಣೆಗೆ ಅವಳ ಫೋನು ಬಂತು. ಸಿನಿಮಾದ ಡಿಸ್ಕು ಕಳಿಸಿದ್ದೇನೆ, ನಿನ್ನ ಮಾತನ್ನು ಪೂರ್ತಿ ಇಟ್ಟಿದ್ದೇನೆ, ಕೆಳಗೆ ನಮ್ಮ ಭಾಷೆಯಲ್ಲಿ ಅಕ್ಷರ ಬರುತ್ತವೆ, ನೋಡಿದವರೆಲ್ಲ ನಿನ್ನನ್ನೇ ಕೇಳುತ್ತಾರೆ. ಇವಳು ಥ್ಯಾಂಕ್ಯೂ ಎಂದು ಫೋನಿಟ್ಟು, ಅಂದಿನ ಪಾಠವನ್ನು ಕುಳಿತುಕೊಂಡೇ ಮಾಡಿದಳು. ಹೆಸರೂ ಗೊತ್ತಿಲ್ಲದ ಊರುಗಳ ಜನಕ್ಕೆ ಅವಳ ಗುಟ್ಟು ಗೊತ್ತು. ಗೊತ್ತಿಲ್ಲದ್ದು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಅವಳ ಮನೆಗೆ ಮಾತ್ರ, ಅಲ್ಲಿ ಮಾತ್ರ ಡಿಸ್ಕು ಓಡುವುದಿಲ್ಲ.

ಕಂಡಕ್ಟರ್ ಪಾಸು ಕೇಳಿದ, ತೋರಿಸಿದಳು. ಪಾಸು ತೋರಿಸುವ ಕೈ ಇಪ್ಪತ್ತು ವರ್ಷದಿಂದ ಅದೇ. ಹುಟ್ಟಿದ ಊರಿಗೇ ವರ್ಗವಾದಾಗ ಎಲ್ಲರೂ, ತವರಿಗೇ ಹೋದಿಯಲ್ಲ ಪುಣ್ಯವಂತಿ, ಎಂದಿದ್ದರು. ಅದಾಗಿ ವರ್ಷ ತುಂಬುವುದರೊಳಗೆ ನಾದಿನಿಯ ಮಗಳನ್ನು ತನ್ನ ತಮ್ಮ ಕಾಶಿರಾಯನಿಗೆ ತಂದುಕೊಳ್ಳುವ ಮಾತು ಬಂತು. ಕಾಶಿರಾಯ ಒಲ್ಲೆನೆಂದು ಬೇರೆ ಕಡೆಯ ಹುಡುಗಿಯನ್ನು ಮಾಡಿಕೊಂಡ. ಕೊಟ್ಟು ತಂದು ಮಾಡುವ ಮನೆಗಳಲ್ಲಿ ಇಂಥ ಒಲ್ಲೆಗೆ ಕ್ಷಮೆಯಿಲ್ಲ. ಅತ್ತೆ ಲಲಿತಾಬಾಯಿ ಜಗಳವಾಡಲಿಲ್ಲ, ದನಿ ಎತ್ತಲಿಲ್ಲ. “ಇನ್ನ ಆ ಮನಿಗಿ ಹೋಗೋದು ಬರೋದು ಬಂದ್,” ಎಂದಳು, ಅಷ್ಟೇ. ವಿಮಲಾಬಾಯಿ ದಿನಾ ಕಮಲಾಪುರಕ್ಕೆ ಹೋಗುವುದು, ಶಾಲೆಯಿಂದ ಎರಡು ಓಣಿ ದಾಟಿದರೆ ಇದ್ದ ತವರಿಗೆ ಹೋಗದೆ ಬರುವುದು ಹೀಗೆ ಶುರುವಾಯಿತು. ಅವ್ವ ದುಂಡಮ್ಮ ಅದಕ್ಕೊಂದು ದಾರಿ ಹುಡುಕಿದಳು. ಶಾಲೆ ಬಿಡುವ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿಗೆ ಬಂದು ಕೂಡುತ್ತಿದ್ದಳು, ತಾನೂ ಎಲ್ಲಿಗೋ ಹೋಗುವವಳ ಹಾಗೆ ಚೀಲ ತೊಡೆಯ ಮೇಲಿಟ್ಟುಕೊಂಡು. ಚೀಲದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. “ಬಸ್‌ಸ್ಟ್ಯಾಂಡ್ ಯಾರ ಮನಿನೂ ಅಲ್ಲ ತಗೋ. ಇಲ್ಲಿ ಕುಂತ್ರ ನೀ ಎಲ್ಲೀಗೂ ಹೋದಂಗಾಗಲಿಲ್ಲ,” ಅನ್ನುತ್ತಿದ್ದಳು. ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹೋಗುವಷ್ಟು ತಾಯಿ ಮಗಳಿಗೆ ಸಿಗುತ್ತಿತ್ತು. ಆ ಕಳ್ಳತನ ಅವಳಿಗೆ ಆಗ ಸುಖವೆನ್ನಿಸುತ್ತಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ. ತಾಯಿಯನ್ನು ನೋಡಲು ಯಾರಾದರೂ ಬಸ್ಸು ತಪ್ಪಿಸುವ ನಾಟಕ ಮಾಡಬೇಕೇ.

ಅವ್ವ ಹೋದ ದಿನ ಅವಳು ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದಳು. ತವರಿನ ಹೊಲ ಮಾಡುತ್ತಿದ್ದ ಭಾಗಪ್ಪ ಬಾಗಿಲಿಗೆ ಬಂದು ನಿಂತ, ತಲೆಯ ರುಮಾಲು ಕೈಯಲ್ಲಿತ್ತು. ಅವನು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿಯಿತು. ಚಾಕ್‌ಪೀಸು ಇಟ್ಟವಳು ನೆಟ್ಟಗೆ ಓಣಿಯ ಕಡೆ ಓಡಲಿಲ್ಲ, ಹೆಡ್‌ಮಾಸ್ತರರ ಕೋಣೆಗೆ ಹೋಗಿ ಗಂಡನ ಆಫೀಸಿಗೆ ಫೋನು ಹಚ್ಚಿದಳು. ಹೋಗಲೇ ಎಂದು ಕೇಳಿದಳು. “ತಡಿ, ಅವ್ವನ್ನ ಕೇಳಿ ಹೇಳ್ತೇನಿ. ಅಲ್ಲೇ ಇರು,” ಎಂದ ಅವನು. ಅವಳು ಅಲ್ಲೇ ಇದ್ದಳು. ಫೋನಿನ ಕಪ್ಪು ಮೈಯನ್ನೇ ನೋಡುತ್ತ ಕುಳಿತಳು. ಮಧ್ಯಾಹ್ನದ ಗಂಟೆ ಬಾರಿಸಿತು, ಮಕ್ಕಳು ಊಟ ಮಾಡಿದರು, ಮತ್ತೆ ಗಂಟೆ ಬಾರಿಸಿತು. ಆಮೇಲೆ ದೂರದಿಂದ ಭಜನೆಯ ತಾಳ ಕೇಳಿಸಿತು. ಶವ ಒಯ್ಯುವ ವಿಮಾನ ಕಟ್ಟಿ, ಅವ್ವನನ್ನು ಕುಳ್ಳಿರಿಸಿ, ಶಾಲೆಯ ಮುಂದಿನ ದಾರಿಯಲ್ಲೇ ತೋಟದ ಕಡೆ ಒಯ್ದರು. ಕಿಟಕಿಯ ಸರಳಿನಾಚೆ ಅವ್ವನ ವಿಭೂತಿಯ ಹಣೆ ಹೂವಿನ ನಡುವೆ ಅಲುಗಾಡುತ್ತ ಹೋಯಿತು. ಎದ್ದು ಹೊರಗೆ ಹೋಗಬಹುದಿತ್ತು. ಹೊರಗೆ ಹೋದಾಗ ಫೋನು ಬಂದರೆ ಯಾರು ತಗೊಳ್ಳಬೇಕು ಎಂದು ಅವಳು ಯೋಚಿಸಿದಳು. ಹೌದು, ಆಗ ಅವಳು ಯೋಚಿಸಿದ್ದು ಅದನ್ನೇ. ಸಂಜೆ ಮನೆಗೆ ಬಂದರೆ ಗಂಡ ಇನ್ನೂ ಬಂದಿರಲಿಲ್ಲ, ಸುದ್ದಿ ಮಾತ್ರ ಯಾರ ಬಾಯಿಂದಲೋ ಬಂದು ಮುಟ್ಟಿತ್ತು. ದೇವರ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತಿ, “ಮಕಾ ನೋಡಿ ಬಂದಿ ಹೌದಿಲ್ಲೋ?” ಎಂದು ಕೇಳಿದಳು. ಅದಕ್ಕಿಂತ ದೊಡ್ಡ ಅಣಕ ಈ ಲೋಕದಲ್ಲಿಲ್ಲವೆಂದು ಅವಳಿಗನ್ನಿಸಿತು. ಉತ್ತರ ಕೊಡದೆ ಬಚ್ಚಲಿಗೆ ಹೋದಳು, ಅತ್ತೆ ಸಾಯುವವರೆಗೆ ಅವಳೊಡನೆ ಬೇಕಾದಷ್ಟೇ ಮಾತಾಡಿದಳು. ಪಂಪಿನ ಕೋಣೆಯ ಮೆಟ್ಟಿಲ ಮೇಲೆ ಕುಳಿತು ಹೇಳಿದ್ದು ಇದನ್ನೇ. ಹೇಳುವಾಗ ತನ್ನ ಮುಖ ಹೇಗಿತ್ತು ಎಂದು ಅವಳಿಗೆ ನೋಡಬೇಕಾಗಿತ್ತು. ಗಂಡನೂ ಅದನ್ನು ಕೇಳಬೇಕು, ಮಗ್ಗುಲಲ್ಲಿ ಕುಳಿತು ಕೊನೆಯವರೆಗೆ ಕೇಳಬೇಕು ಎಂಬುದು ಮಹಾಗಾಂವ ಕ್ರಾಸ್ ದಾಟುವ ಹೊತ್ತಿಗೆ ಮೊದಲ ಸಲ ಸ್ಪಷ್ಟವಾಯಿತು.

ಕಲಬುರಗಿಯಲ್ಲಿ ಇಳಿದವಳು ಮನೆಯ ದಾರಿ ಹಿಡಿಯದೆ ರೋಜಾ ಬಡಾವಣೆಯ ಕಡೆಗೆ ಆಟೋ ಹತ್ತಿದಳು. ದರ್ಗಾದ ದಾರಿಯಲ್ಲಿ, ಹೂವಿನ ಚಾದರ ಮಾರುವ ಅಂಗಡಿಗಳ ಸಾಲಿನಲ್ಲಿ, ಇಕ್ಬಾಲ್ ಬೇಗಂ ಎಂಬಾಕೆ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ನಡೆಸುತ್ತಿದ್ದಳು. ನಬಿಸಾಬ್ ಹೇಳಿದ ವಿಳಾಸ. ಕನ್ನಡಕ ಮೂಗಿನ ತುದಿಗೆ ಇಳಿಬಿಟ್ಟ, ಮಾತಿಗೆ ಬಡತನವಿಲ್ಲದ ಹೆಂಗಸು. ಡಬ್ಬವನ್ನು ತಿರುಗಿಸಿ ಭೂಗೋಳದ ಮೇಲೆ ಬೆರಳಿಟ್ಟಳು.

“ಇದು ದೋ ನಂಬರ್ ನೋಡ್ರಿ ಟೀಚರಮ್ಮ. ಸಿನಿಮಾ ಕಂಪನಿಯವರು ಪೂರಾ ದುನಿಯಾ ತುಕಡಾ ಮಾಡ್ಯಾರ. ಒಂದು ಅಮೆರಿಕಾ, ಎರಡು ಯುರೋಪು, ಜಪಾನ್, ಅರಬ್ಬರದು. ನಾವು ಐದು.”

“ಐದರಾಗ ನಮ್ಮ ಜೋಡಿ ಯಾರ್‍ಯಾರ ಇದ್ದಾರ?”

“ರಶ್ಯಾ, ಆಫ್ರಿಕಾ, ಪಾಕಿಸ್ತಾನ, ಅಫಘಾನಿಸ್ತಾನ. ದೊಡ್ಡವ್ರು ಉಂಡು ಎದ್ದ ಮ್ಯಾಲ ಕೂಡೋ ಪಂಕ್ತಿ ನಮ್ದು. ಅವ್ರ ಸಿನಿಮಾ ಅಲ್ಲಿ ಹಳೇದಾದ ಮ್ಯಾಲ ಇಲ್ಲಿಗಿ ಬರಬೇಕು, ಅದಕ್ಕ ಈ ಬೀಗ.”

“ಇದು ಅವ್ರ ಸಿನಿಮಾ ಅಲ್ಲರೀ. ಇದು ಕಮಲಾಪುರ. ಇದು ನಾನು.” ವಿಮಲಾಬಾಯಿ ಮೂಲೆಯ ಚಿತ್ರ ತೋರಿಸಿದಳು.

ಇಕ್ಬಾಲ್ ಬೇಗಂ ಕನ್ನಡಕ ಏರಿಸಿ ಚಿತ್ರವನ್ನೂ ಅವಳನ್ನೂ ನೋಡಿದಳು. “ಹೌದಲ್ಲ. ನಿಮ್ಮ ಮಾರಿ ನೀವೇ ನೋಡ್ಲಿಕ್ಕ ಮನಾ ಮಾಡ್ಯಾರಂದ್ರ ಏನ್ ಜುಲುಮ್ ಇದು,” ಎಂದಳು. ಆಮೇಲೆ ದನಿ ತಗ್ಗಿಸಿದಳು. ಹಿಂದಿನ ಗಲ್ಲಿಯಲ್ಲಿ ಬೀಗ ಒಡೆಯುವ ಹುಡುಗರಿದ್ದಾರೆ, ಎರಡು ದಿನ ಬಿಟ್ಟುಹೋದರೆ ಎಲ್ಲ ಕಡೆ ಓಡುವ ನಕಲು ಮಾಡಿಕೊಡುತ್ತಾರೆ.

“ಅವ್ರು ನೋಡ್ತಾರೇನ್ರಿ ಇದನ್ನ?”

“ನೋಡ್ದೆ ಹ್ಯಾಂಗ ತಿಳೀತದರೀ, ಓಡ್ತದೋ ಇಲ್ಲೋ ಅಂತ.”

ಅಂಗಡಿಯ ಒಳಕೋಣೆಯಿಂದ ಯಾವುದೋ ಹೊಡೆದಾಟದ ಸದ್ದು ಬರುತ್ತಿತ್ತು. ಪರಿಚಯವಿಲ್ಲದ ಹುಡುಗರು ಬನಿಯನ್ನಿನಲ್ಲಿ ಕುಳಿತು, ಚಹಾ ಕುಡಿಯುತ್ತ, ತನ್ನ ಮಾತನ್ನು ಹಿಂದೆ ಮುಂದೆ ಓಡಿಸಿ ತಪಾಸು ಮಾಡುವುದನ್ನು ವಿಮಲಾಬಾಯಿ ಊಹಿಸಿಕೊಂಡಳು. ಅದಕ್ಕಿಂತ ಹೆಚ್ಚಾಗಿ, ತನ್ನ ಮುಖ ನೋಡಲು ತಾನೇ ಕಳ್ಳರ ಓಣಿಗೆ ಹೋಗಬೇಕೆನ್ನುವುದು ಅವಳಿಗೆ ಸಹಿಸಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಒಮ್ಮೆ ಮಾಡಿದ ಕಳ್ಳತನ ಸಾಕು. ಅವಳು ಕೈಚಾಚಿ ಡಬ್ಬ ಹಿಂದಕ್ಕೆ ತೆಗೆದುಕೊಂಡಳು.

“ನಮ್ಮ ಮಶೀನಿನ್ಯಾಗ ಇನ್ನೊಂದ್ ಸಲ ಬದಲಿ ಮಾಡ್ಲಿಕ್ಕ ಬರ್ತದ,” ಎಂದಳು.

“ಮಾಡ್ರಿ ಹಂಗಾರ. ಆದ್ರ ಆಮ್ಯಾಲ ವಾಪಸ್ ಇಲ್ಲ, ತಿಳೀತಿಲ್ಲೋ. ನಂಬರ್ ಗುರ್ತಿಲ್ಲದ ಡಿಸ್ಕು ಓಡ್ತಾವ, ಐದು ನಂಬರಿಂದು ಅಸಲಿ ಮಾಲು ಒಂದೂ ಓಡಂಗಿಲ್ಲ. ಬೇಕಾದ್ರ ನಿಮ್ಮ ಯಜಮಾನ್ರು ಹೊಸಾ ಡ್ರೈವ್ ಹಾಕಿಸ್ಕೊಳ್ಳಲಿ, ಸಿಗ್ತದ. ಅವ್ರಿಗಿ ಒಂದ್ ಮಾತ್ ಕೇಳ್ರಿ.”

ಅವ್ರಿಗಿ ಒಂದ್ ಮಾತ್ ಕೇಳ್ರಿ. ಆಟೋ ಹತ್ತದೆ ವಿಮಲಾಬಾಯಿ ಜಗತ್ ಸರ್ಕಲ್ಲಿನ ಕಡೆಗೆ ನಡೆಯತೊಡಗಿದಳು. ಒಳ್ಳೆಯ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಇಷ್ಟು ವರ್ಷ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಹೊಸ ಡ್ರೈವಿನ ಮಾತು ಬುಧವಾರ ಯಾರ ತಲೆಗೂ ಹೊಳೆದಿರಲಿಲ್ಲ, ತನ್ನ ತಲೆಗೂ ಹೊಳೆದಿರಲಿಲ್ಲ, ಅವಳಿಗಾಗಿ ಹೊಸದೊಂದು ತರಬಹುದೆಂಬ ಯೋಚನೆ ಆ ಮನೆಯ ರೂಢಿಯಲ್ಲೇ ಇರಲಿಲ್ಲ. ಆದರೆ ಮಾತು ಈಗ ಡ್ರೈವಿನದಾಗಿ ಉಳಿದಿಲ್ಲ. ಎದುರಿನಿಂದ ಬಂದ ಟಾಂಗಾದವನು ಬೈದುಕೊಂಡು ಕುದುರೆ ಹೊರಳಿಸಿದ, ಅವಳು ನಡುರಸ್ತೆಯಲ್ಲಿ ನಡೆಯುತ್ತಿದ್ದಳು. ಯಾರೋ ಎಲ್ಲೋ ಒಂದು ಕೋಣೆಯಲ್ಲಿ ಕುಳಿತು ಭೂಮಿಯ ಮೇಲೆ ಗೆರೆ ಎಳೆದರು, ಈ ಕಡೆಯವರು ಇಷ್ಟು ನೋಡಲಿ ಎಂದರು. ಬತ್ತಿ ಹೊಸೆಯುತ್ತ ಕುಳಿತ ಒಬ್ಬ ಮುದುಕಿ ಎರಡು ಓಣಿಗಳ ನಡುವೆ ಗೆರೆ ಎಳೆದಳು. ಎಳೆದವರ ಮೇಲೆ ಅವಳಿಗಿದ್ದ ಸಿಟ್ಟು ಹಳೆಯದು, ಅದರ ಜೊತೆ ಬಾಳುವೆ ಮಾಡಿ ರೂಢಿಯಾಗಿತ್ತು. ಇವತ್ತು ಉರಿಯುತ್ತಿದ್ದುದು ಬೇರೆ. ಗೆರೆಯ ಬಳಿಗೆ ಹೋಗಿ ನಿಂತು ದಾಟಲೇ ಎಂದು ಕೇಳಿದವಳು ಅವಳು. ಕೇಳದಿದ್ದರೆ ಯಾರೂ ಕಾಲು ಹಿಡಿದು ಎಳೆಯುತ್ತಿರಲಿಲ್ಲ. ಕೈಚೀಲವನ್ನು ಎದೆಗೆ ಅವಚಿಕೊಂಡು ಅವಳು ದೊಡ್ಡ ದೊಡ್ಡ ಹೆಜ್ಜೆ ಹಾಕಿದಳು.

ಮನೆಯಲ್ಲಿ ಹಣಮಂತರಾಯ ಕುರ್ಚಿಗಳನ್ನು ಜೋಡಿಸುತ್ತಿದ್ದ. ದೌಲಪ್ಪ ಬರುವವರಿದ್ದರು, ಹೊಸ ಇಂಗ್ಲಿಷ್ ಸಿನಿಮಾ ತರುವವರಿದ್ದರು. “ಲಗೂನ ಚಹಾಕ್ಕ ಇಡು, ಸಾಹೇಬ್ರು ಬಂದೇ ಬಿಟ್ರು ಅನ್ನು,” ಎಂದ. ವಿಮಲಾಬಾಯಿ ಕಾಲು ತೊಳೆಯಲಿಲ್ಲ, ಒಳಗೆ ಹೋಗಲಿಲ್ಲ. ಕಸೂತಿ ಬಟ್ಟೆ ಎಳೆದು ಕುರ್ಚಿಯ ಮೇಲೆ ಹಾಕಿ, ಯಂತ್ರದ ಮುಂದೆ ಕುಳಿತಳು. ಅವನು ಒತ್ತುವುದನ್ನು ಚಹಾದ ತಾಟಿನ ಹಿಂದಿನಿಂದ ನೋಡಿದ್ದು ಅವಳ ಬೆರಳಿಗೆ ತಿಳಿದಿತ್ತು. ಡಿಸ್ಕು ಒಳಗೆ ಹೋಯಿತು. ಗುಂಯ್ ಎಂದಿತು. ಬೂದುಬಣ್ಣದ ಚೌಕಟ್ಟು ಬಂತು.

“ಏನ್ ಮಾಡಾಕತ್ತಿ?” ಹಣಮಂತರಾಯ ಹತ್ತಿರ ಬಂದ. “ಅದು ನಮ್ಮ ಕಡೆದ್ದಲ್ಲ ಅಂತ ಹೇಳ್ಯಾದಲ್ಲ.”

“ಬದಲಿ ಮಾಡ್ತೇನಿ.”

“ಒಂದೇ ಉಳದದ ವಿಮಲಾ.” ಅವನು ಗಾಜಿನ ಕಪಾಟಿನ ಕಡೆ ನೋಡಿದ. ಒಂದೂ ನಕಲಿಲ್ಲದ, ಎಲ್ಲ ಅಸಲಿ ಡಿಸ್ಕುಗಳು ಅಲ್ಲಿ ಬೆನ್ನು ತೋರಿಸಿ ಸಾಲಾಗಿ ನಿಂತಿದ್ದವು. “ಆಮ್ಯಾಲ ಇವೆಲ್ಲಾ ಬಂದ್ ಆಗ್ತಾವ. ಸಾಹೇಬ್ರಿಗಿ ಏನ್ ಹೇಳ್ಲಿ ನಾ?”

“ನಮ್ಮ ಕಡೆದ್ದಲ್ಲ ಅಂತ ಹೇಳ್ರಿ.”

“ನನಗ ಒಂದ್ ಮಾತ್ ಕೇಳಬೇಕಿಲ್ಲೇನು?”

ಅವಳು ತಿರುಗಿ ಅವನ ಮುಖ ನೋಡಿದಳು. ಕೆಟ್ಟ ಮುಖವಲ್ಲ. ಯಾರಿಗೂ ಇಲ್ಲ ಎನ್ನಲಾಗದೆ ಸವೆದ ಮುಖ, ಇಲ್ಲ ಎನ್ನಬೇಕಾದಾಗ ಯಂತ್ರದ ಹಿಂದೆ, ತಾಯಿಯ ಹಿಂದೆ ನಿಂತ ಮುಖ. ಅದರ ಮೇಲೆ ಅವಳಿಗೆ ಕನಿಕರ ಬಂತು, ಆದರೆ ಕೈ ತಡೆಯುವಷ್ಟು ಬರಲಿಲ್ಲ.

“ಕೇಳಂಗಿಲ್ಲರೀ,” ಎಂದು ಎರಡನೆಯ ಪ್ರಾಂತವನ್ನು ಆರಿಸಿದಳು. ಯಂತ್ರ ಖಂಡಿತವೇ ಎಂದಿತು. ಒತ್ತಿದಳು. ಇನ್ನು ಬದಲಿಸಲು ಬರುವುದಿಲ್ಲ ಎಂದಿತು. ಅದನ್ನೂ ಓದಿ ಒತ್ತಿದಳು.

ಪರದೆ ಕಪ್ಪಾಗಿ, ಆಮೇಲೆ ಹಸಿರಾಯಿತು. ಬಾಳೆಯ ಎಲೆಯ ಮೇಲಿಂದ ನೀರು ಜಾರಿತು. ಮರೆಮ್ಮ ಗೊನೆ ಕಡಿಯುತ್ತಿದ್ದಳು, ಬಂಡಮ್ಮ ಯಾವುದಕ್ಕೋ ನಗುತ್ತಿದ್ದಳು, ಕೆಳಗೆ ಪರದೇಶದ ಅಕ್ಷರಗಳು ಬಂದು ಬಂದು ಹೋಗುತ್ತಿದ್ದವು. ಹಣಮಂತರಾಯ ನಿಂತೇ ಇದ್ದ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ದೌಲಪ್ಪ ಒಳಗೆ ಬಂದರು, ಕೈಯಲ್ಲಿ ಹೊಸ ಡಿಸ್ಕು. ಹಣಮಂತರಾಯನ ಕೈ ತಾನಾಗಿ ಯಂತ್ರದ ಕಡೆ ಚಾಚಿತು, ಬಂದವರ ಮುಂದೆ ಮನೆಯ ಗದ್ದಲ ಮುಚ್ಚುವ ಹಳೆಯ ರೂಢಿಯ ಕೈ. ವಿಮಲಾಬಾಯಿ ಆ ಕೈಯನ್ನು ಮೆಲ್ಲಗೆ ಸರಿಸಿದಳು.

“ಬರ್ರಿ ಸಾಹೇಬ್ರ, ಕೂಡ್ರಿ,” ಎಂದಳು. “ನೀವೂ ಕೂಡ್ರಿ,” ಎಂದಳು ಗಂಡನಿಗೆ.

ದೌಲಪ್ಪ ಇಬ್ಬರ ಮುಖವನ್ನೂ ನೋಡಿ, ಏನು ತಿಳಿಯಿತೋ, ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹಣಮಂತರಾಯನೂ ಕುಳಿತ. ಪಂಪಿನ ಕೋಣೆ ಬಂತು, ಮೆಟ್ಟಿಲು ಬಂತು, ಅವಳು ಬಂದಳು. ತನ್ನ ಕೂದಲು ಇಷ್ಟು ಬಿಳಿಯಾಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ತನ್ನ ದನಿ ಇಷ್ಟು ಗಟ್ಟಿಯಾಗಿದೆಯೆಂದೂ ಗೊತ್ತಿರಲಿಲ್ಲ. ನಾಚಿಕೆಪಡಲು ಅವಳು ಕಾಯುತ್ತ ಕುಳಿತಳು, ನಾಚಿಕೆ ಬರಲಿಲ್ಲ.

“ನಮ್ಮವ್ವ ಹೋದ ದಿನ ನಾ ಇದೇ ಊರಾಗ ಇದ್ದೆ,” ಎಂದಳು ಪರದೆಯ ವಿಮಲಾಬಾಯಿ. “ಎರಡು ಓಣಿ ದಾಟಿದ್ರ ಮನಿ. ನಾ ಫೋನಿನ ಮುಂದ ಕುಂತಿದ್ದೆ. ಅವ್ವನ್ನ ಕುಂಡ್ರಿಸ್ಕೊಂಡು ಶಾಲಿ ಮುಂದೇ ಒಯ್ದ್ರು, ಕಿಡಕ್ಯಾಗಿಂದ ನೋಡ್ದೆ. ಹೊರಗ ಹೋದ್ರ ಫೋನ್ ಬಂದೀತು ಅಂತ ಹೋಗಲಿಲ್ಲ. ಫೋನ್ ಬರಲೇ ಇಲ್ಲ. ನಮ್ಮತ್ತಿ ಬ್ಯಾಡ ಅಂದಾಳ, ಅದಕ್ಕ ಬರಲಿಲ್ಲ ಅಂತ ತಿಳ್ಕೊಂಡೆ. ಆಕಿ ಸತ್ತು ವರ್ಷಾದ್ರೂ ನನ್ನ ಸಿಟ್ಟು ಸತ್ತಿಲ್ಲ.”

ಹಣಮಂತರಾಯ ಕುರ್ಚಿಯ ಕೈ ಹಿಡಿದುಕೊಂಡ.

“ಅವ್ವ ಬ್ಯಾಡ ಅಂದಿರಲಿಲ್ಲ,” ಎಂದ. ಹೆಂಡತಿಯನ್ನು ನೋಡಲಾಗದೆ ದೌಲಪ್ಪನವರ ಕಡೆ ನೋಡುತ್ತ ಹೇಳಿದ. “ನಾ ಆಕಿಗಿ ಕೇಳೇ ಇಲ್ಲ. ಸಾಹೇಬ್ರು ಮೀಟಿಂಗಿಗಿ ಕರದ್ರು, ಹೋದೆ. ಮರ್ತೆ ವಿಮಲಾ. ಆಮ್ಯಾಲ ಹೇಳ್ಲಿಕ್ಕ ಬಾಯಿ ಬರಲಿಲ್ಲ.”

ದೌಲಪ್ಪ ತಲೆ ತಗ್ಗಿಸಿದರು. ಮರ್ತೆ ಎಂಬ ಮಾತು ವಿಮಲಾಬಾಯಿಯ ಎದೆಗೆ ಬಂದು ನಿಂತಿತು. ಬತ್ತಿ ಹೊಸೆಯುತ್ತ ತಲೆಯೆತ್ತಿದ ಮುದುಕಿಯ ಮೇಲೆ ಇಷ್ಟು ವರ್ಷ ಕಾಪಾಡಿಕೊಂಡ ಸಿಟ್ಟು ಈಗ ಎಲ್ಲಿ ಹೋಗಬೇಕೆಂದು ತಿಳಿಯದೆ ಮೈತುಂಬ ಓಡಾಡಿತು. ಹಣಮಂತರಾಯ ಇನ್ನೂ ಏನೋ ಹೇಳುತ್ತಿದ್ದ, ಆ ದಿನ ಆಫೀಸಿನಲ್ಲಿ ಏನೇನಾಯಿತೆಂದು ಮೊದಲಿನಿಂದ ಬಿಚ್ಚಿ ಹೇಳಲು ಶುರುಮಾಡಿದ್ದ, ಮಾತು ಈಗ ಅವನ ಬಾಯಿಂದ ನಿಲ್ಲದೆ ಬರುತ್ತಿತ್ತು. ಅದರಡಿ ಪರದೆಯ ಹೆಂಗಸಿನ ದನಿ ಮುಳುಗುತ್ತಿತ್ತು. ವಿಮಲಾಬಾಯಿ ಕೈಯೆತ್ತಿ ಅವನನ್ನು ತಡೆದಳು.

“ಅದನ್ನ ಆಮ್ಯಾಲ ಹೇಳ್ರಿ,” ಎಂದಳು. “ಈಗ ನಾ ಮಾತಾಡಾಕತ್ತೀನಿ.”